ನಡಿಗೆ ಬಲ್ಲ ಮೈಲಾರಪ್ಪ

ಇನ್ನೂರು ಕುರಿಗಳ ಹಿಂಡು ದೂಳೆಬ್ಬಿಸಿಕೊಂಡು ಹೋಗುತ್ತಿದ್ದರೆ, ಹಿಂದಿನಿಂದ ಬರೀ ಕಾಲುಗಳನ್ನು ನೋಡಿ ಯಾವ ಮರಿ ಯಾವ ಕುರಿಯದೆಂದು ಮೈಲಾರಪ್ಪ ಹೇಳುತ್ತಿದ್ದ. ಬಣ್ಣ, ಕಿವಿ, ಕೊಂಬು ಯಾವುದೂ ಬೇಕಿರಲಿಲ್ಲ. "ಮುಖ ಸುಳ್ಳು ಹೇಳತೈತಿ ಸಾರ್, ನಡಿಗಿ ಹೇಳಂಗಿಲ್ಲ" ಎನ್ನುತ್ತಿದ್ದ.

ನಾನು ಕೂಡ್ಲಿಗಿಯ ದನದ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವವನು. ಲಸಿಕೆಗೆಂದು ಹೊಸಹಳ್ಳಿ ಕಡೆಯ ಅವನ ಕುರಿರೊಪ್ಪಕ್ಕೆ ಹೋದಾಗಲೆಲ್ಲ ನನಗೊಂದು ಪರೀಕ್ಷೆ. ಪ್ರತಿಸಲವೂ ಮರಿಗೆ ತಪ್ಪು ತಾಯಿಯನ್ನು ತೋರಿಸಿ ಫೇಲಾಗುತ್ತಿದ್ದೆ. "ನಿಮಗ ನಡಿಗಿ ನೋಡಾಕ ಬರಂಗಿಲ್ಲ ಬಿಡ್ರಿ!" ಎಂದು ಕಂಬಳಿ ಕೊಡವಿ ನಗುತ್ತಿದ್ದ. ಒಮ್ಮೆ ನನ್ನನ್ನೇ ನೋಡಿ, "ಎಡಗಾಲು ಎಳೀತೀರಲ್ಲ ಸಾರ್?" ಎಂದ. ಗ್ಯಾಸ್ ಆರಿಸಿದೆನೇ ಎಂದು ಮೂರು ಸಲ ಮನೆಗೆ ತಿರುಗುವ ಪೈಕಿ ನಾನು. ಮರುದಿನವೇ ಬಳ್ಳಾರಿಗೆ ಹೋಗಿ ನರದ ಡಾಕ್ಟರ ಮುಂದೆ ಕೂತೆ. ಅವರು ನನ್ನ ಚಪ್ಪಲಿ ಮಗುಚಿ, ಒಂದು ಮೊಳೆ ತೋರಿಸಿದರು.

ಮೈಲಾರಪ್ಪ ಎರಡು ವರ್ಷಕ್ಕೊಮ್ಮೆ ತನ್ನ ಟಗರನ್ನು ಗುಡೇಕೋಟೆಯ ಕುರಿಗಾರನಿಗೆ ಕೊಟ್ಟು, ಅವನದನ್ನು ತರುತ್ತಿದ್ದ. "ತನ್ನ ಮಕ್ಕಳ ಮ್ಯಾಲೇ ಟಗರು ಬಿತ್ತಂದ್ರ ಮರಿ ಕಾಲು ಸೋತು ಹುಟ್ತಾವ್ರಿ." ಈ ಪಾಠವನ್ನು ಅವನಿಂದ ಕಲಿತು, ಊರೂರಲ್ಲಿ ನನ್ನದೇ ಎಂಬಂತೆ ಹೇಳಿಕೊಂಡು ತಿರುಗಿದೆ.

ಅದೇ ಮೈಲಾರಪ್ಪ ಅಕ್ಕನ ಮಗಳು ಹುಲಿಗೆವ್ವನನ್ನು ಮದುವೆಯಾದ. "ಹೊರಗ ಕೊಟ್ರ ನಮ್ಮಕ್ಕ ಬಿಡ್ತಾಳೇನ್ರಿ?" ಎಂದು ನಾಚಿಕೊಂಡ. ಪಾಯಸದ ಹಿತ್ತಾಳೆ ಪಾತ್ರೆ ಕಿಲುಬು ಹಿಡಿದಿದೆಯೇನೋ ಎಂದು ಹೆದರುತ್ತಲೇ ಉಂಡು, ಅಕ್ಷತೆ ಹಾಕಿ ಬಂದೆ. ಎಲ್ಲಕ್ಕೂ ಹೆದರುವವನಿಗೆ ಹೆದರಬೇಕಾದದ್ದೇ ಹೊಳೆಯಲಿಲ್ಲ. ಹೊಳೆದಿದ್ದರೂ ಯಾವ ಬಾಯಲ್ಲಿ ಹೇಳಲಿ? ನಮ್ಮಪ್ಪ ನಮ್ಮವ್ವನಿಗೆ ಸೋದರಮಾವನೇ.

ದೊಡ್ಡ ಮಗಳು ಗೌರಿಗೆ ಏಳು ವರ್ಷವಾದಾಗ, ಎಲ್ಲರಿಗಿಂತ ಮೊದಲು ಕಂಡದ್ದು ಅವನಿಗೇ. "ತುದಿಗಾಲಾಗ ನಡೀತಾಳ ಸಾರ್. ಕುಂತ್ರ ತೊಡಿ ಮ್ಯಾಲೆ ಕೈ ಊರಿ ಮುದುಕಿ ಎದ್ದಂಗ ಏಳ್ತಾಳ." ಶಾಲೆಯಲ್ಲಿ ಸೋಮಾರಿ ಎಂದರು, ಓಣಿಯಲ್ಲಿ ಗಾಳಿ ಸೋಕಿದೆ ಎಂದರು. ದಾವಣಗೆರೆಯ ಡಾಕ್ಟರು ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ವರದಿ ಹಿಡಿದು ಅವನು ನೇರ ಬಂದದ್ದು ನಮ್ಮ ದನದ ಆಸ್ಪತ್ರೆಗೆ.

"ಮೈಯಾಗ ದಿನಾ ಹಳೇ ನೂಲು ನೋಡಿ ಹೊಸಾ ನೂಲು ತೆಗಿಯೋ ಕೆಲಸ ನಡದಿರ್ತತಂತ. ಯಾವ ಕಾಲದಾಗೋ ನಮ್ಮ ಹಿರೇರ ಮೈಯಾಗ ಒಂದು ಎಳಿ ತಪ್ಪೈತಿ. ಅದು ನಮ್ಮವ್ವಗ ಬಂತು. ಅವ್ವನಿಂದ ನನಗ, ಅಕ್ಕಗ. ಅಕ್ಕನಿಂದ ನನ್ನ ಹೇಣ್ತಿಗೆ. ಎಲ್ಲಾರಿಗೂ ಜೋಡಿ ಎಳಿ ಇರ್ತಾವ್ರಿ, ಒಂದು ಹರಿದ್ರ ಇನ್ನೊಂದು ಹಿಡಕಂತತಿ. ನಮ್ಮವ್ವ ಸಾಯೋ ಮಟ ಹೊರಿ ಹೊತ್ತಾಳ. ಗೌರಿಗೆ ಎರಡೂ ಹರದಾವು, ಅದಕ್ಕ ಕಾಲಿನ ಬಲ ದಿನಾ ಸೋಲ್ತತಂತ. ಔಷಧ ಇಲ್ಲಂತ."

ವರದಿ ಮಡಚಿ ಜೇಬಿಗಿಟ್ಟು, "ಯಾರ ಪಾಪ ಅಂತ ಕೇಳ್ದೆ. ಯಾರ ಪಾಪಾನೂ ಅಲ್ಲ ಅಂದ್ರು. ಪಾಪ ಆಗಿದ್ರ ಹರಕಿ ಕುರಿ ಬಿಟ್ಟು ತೀರಿಸ್ತಿದ್ನಲ್ಲ ಸಾರ್" ಎಂದ.

ಒಂದೊಂದು ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಹೀಗಾಗಬಹುದೆಂದು ಡಾಕ್ಟರು ಹೇಳಿದ್ದರಂತೆ. ಆಗಲೇ ಚಿಕ್ಕವಳು ಲಕ್ಷ್ಮಿ ತೊಟ್ಟಿಲು ದಾಟಿದ್ದಳು. ಪರೀಕ್ಷೆಗೆ ಅವಳ ರಕ್ತ ಕೊಡಲು ಅವನು ಒಪ್ಪಲಿಲ್ಲ. "ಗೊತ್ತಾಗಿ ಏನು ಮಾಡ್ಲಿ?" ಎಂದ.

ಗೌರಿಯನ್ನು ಹೊತ್ತು ಶಾಲೆಗೆ ಮುಟ್ಟಿಸಬೇಕಾದ ಮೇಲೆ ಹಿಂಡನ್ನು ಮಾರಿಬಿಟ್ಟ. ಕೊನೆಯ ಸಲ ನಮ್ಮ ಆಸ್ಪತ್ರೆಗೆ ಬಂದಾಗ ಕುರಿ ಇರಲಿಲ್ಲ, ಆರು ವರ್ಷದ ಲಕ್ಷ್ಮಿ ಜೊತೆಗಿದ್ದಳು.

"ಆಕಿನ್ನ ಬೇವಿನ ಗಿಡದ ಮಟ ಕಳಿಸ್ತೀನಿ. ನೀವು ನೋಡ್ರಿ. ನಾ ಒಲ್ಲೆ."

ಇನ್ನೂರು ಕುರಿಗಳ ಕಾಲು ಬಲ್ಲವನು ಗೋಡೆಗೆ ಮುಖ ಮಾಡಿ ನಿಂತ. ಲಕ್ಷ್ಮಿ ಗಿಡದವರೆಗೆ ಹೋದಳು, ಕೂತು ಬೇವಿನ ಹಣ್ಣು ಆರಿಸಿದಳು. ಆಮೇಲೆ ಒಂದು ಕೈ ಮೊಣಕಾಲಿಗೆ, ಇನ್ನೊಂದು ತೊಡೆಗೆ ಊರಿ, ತನ್ನ ಮೈಯನ್ನೇ ಹತ್ತಿದಂತೆ ಎದ್ದಳು.

"ಚಲೋ ನಡೀತಾಳೋ ಮಾರಾಯ" ಎಂದೆ.

ತಿರುಗಿ ನನ್ನ ಮುಖವನ್ನೇ ನೋಡಿದ. "ನಿಮಗ ನಡಿಗಿ ನೋಡಾಕ ಬರಂಗಿಲ್ಲ, ಸಾರ್" ಎಂದ. ನಗಲಿಲ್ಲ.

ಈಗ ಆ ಕಡೆ ಲಸಿಕೆಗೆ ಹೋದರೆ ರೊಪ್ಪದಲ್ಲಿ ಬೇಲಿಮುಳ್ಳು ಮಾತ್ರ ಇದೆ. ಅವನು ಮತ್ತೆ ಬಂದಿಲ್ಲ. ಅಂದು ಆಸ್ಪತ್ರೆಯ ಗೇಟು ಹತ್ತೇ ಹೆಜ್ಜೆ ದೂರವಿತ್ತು. ಅಷ್ಟು ದೂರವೂ ಅವನು ಲಕ್ಷ್ಮಿಯನ್ನು ನಡೆಸಲಿಲ್ಲ. ಹೆಗಲ ಮೇಲೆ ಕೂರಿಸಿಕೊಂಡು ಹೋದ.