ಇಳಿಯಲು ಒಂದು ಕಲ್ಲು

ಹೋದ ವಾರದ ಜಡಿಮಳೆಗೆ ನನ್ನ ಸೈಕಲ್ಲಿನ ಚೈನು ತುಕ್ಕು ಹಿಡಿದು ಕಿರುಗುಟ್ಟತೊಡಗಿತು. ಮನೆಯಲ್ಲಿ ಮೆಷಿನ್ ಆಯಿಲ್ ಇರಲಿಲ್ಲ, ಆಫೀಸಿಗೆ ಹೊತ್ತಾಗಿತ್ತು. ಕಾಯುವುದೆಂದರೆ ನನಗೆ ಮೊದಲಿಂದಲೂ ಆಗದು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಚೈನಿನ ಮೇಲೆ ಬಗ್ಗಿಸಿ ಹೊರಟುಬಿಟ್ಟೆ. ಎರಡು ದಿನ ಕಳೆದು ಹಾಸನದ ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ ಒಂದು ಕಾಲೂರಿ ನಿಂತಿದ್ದಾಗ, ಬಿಸಿಲಿಗೆ ಕಾದ ಕಬ್ಬಿಣದಿಂದ ಆ ಎಣ್ಣೆಯ ಕಮಟು ವಾಸನೆ ಮೇಲೆದ್ದಿತು. ಧೂಳು, ತುಕ್ಕು, ಹಳಸಿದ ಕೊಬ್ಬರಿ. ಹಸಿರು ದೀಪ ಬಂತು, ಹಿಂದಿನವರು ಹಾರನ್ ಒತ್ತಿದರು, ಒಬ್ಬ ಆಟೋದವನು ಬೈದೂ ಹೋದ. ನಾನು ಅಲ್ಲೇ ನಿಂತಿದ್ದೆ. ಅದು ನಮ್ಮ ನಿಂಗತ್ತೆಯ ಸೈಕಲ್ಲಿನ ವಾಸನೆ. ನಿಮಗೂ ಹೀಗೆ ಯಾವುದೋ ಒಂದು ವಾಸನೆ ದಾರಿಯ ಮಧ್ಯೆ ಅಡ್ಡ ಹಾಕಿ ನಿಲ್ಲಿಸಿರಬಹುದು. ಆಮೇಲೆ ಆ ದಿನವೆಲ್ಲ ಯಾವ ಕೆಲಸಕ್ಕೂ ಕೈ ಹತ್ತುವುದಿಲ್ಲ.

ನಿಂಗತ್ತೆ ನನ್ನಪ್ಪನ ತಂಗಿ. ಹೊಳೆನರಸೀಪುರದ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಕೆಟ್ಟವನೇನಲ್ಲ, ಆದರೆ ಹೆಂಡತಿ ಹೊಸಲು ದಾಟಿದರೆ ಅವನಿಗೆ ಜೀವ ಹೋದಂತಾಗುತ್ತಿತ್ತಂತೆ. ನಮ್ಮತ್ತೆಗೋ ಕೂತಲ್ಲಿ ಕೂತರೆ ಜೀವ ಹೋದಂತಾಗುತ್ತಿತ್ತು. ಒಂದು ಬೆಳಗ್ಗೆ ಅವನು ಗದ್ದೆಗೆ ಹೋದ ಹೊತ್ತು ನೋಡಿ, ಜಗಲಿಗೆ ಒರಗಿಸಿದ್ದ ಅವನ ಸೈಕಲ್ಲನ್ನು ತಳ್ಳಿಕೊಂಡು ಹೊರಟುಬಂದಳು. ಆಗ ಅವಳಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ದಾರಿಯಲ್ಲಿ ಯಾರದೋ ಕಣದಲ್ಲಿ ಮಲಗಿ, ಮಾರನೆಯ ದಿನ ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿಗೆ ಅದನ್ನು ತಳ್ಳಿಕೊಂಡೇ ಬಂದು ಮುಟ್ಟಿದಳು. ನಮ್ಮಜ್ಜಿ ಅವಳ ಬರಿಗೈ, ಬೋಳು ಕುತ್ತಿಗೆ ನೋಡಿ ಎದೆ ಬಡಿದುಕೊಂಡು, "ಒಡ್ವೆ ಎಲ್ಲವ್ವಾ?" ಎಂದರೆ, "ಒಡ್ವೆ ಮ್ಯಾಲೆ ಕೂತ್ಕಂಡು ಎಲ್ಲಿಗಾದ್ರೂ ಓಗಕ್ಕಾಯ್ತದೇನವ್ವಾ?" ಎಂದಳಂತೆ. ಈ ಮಾತು ನಮ್ಮನೆಯಲ್ಲಿ ಎಷ್ಟೋ ವರ್ಷ ನಗೆಮಾತಾಗಿ ಓಡಾಡಿತು. ಹೆಂಚಿನ ಎರಡು ಅಂಕಣದ ಮನೆ ನಮ್ಮದು. ಒಳಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅಜ್ಜಿಯ ಎಲೆಅಡಿಕೆ ಚೀಲ, ಅದಕ್ಕೂ ಕೆಳಗೆ ಈ ಸೈಕಲ್ಲು. ಮಳೆಗಾಲದಲ್ಲಿ ಸೈಕಲ್ಲು ಒಳಗೆ ಮಲಗಿದರೆ ನಾವು ಮೂಲೆಗೆ ಸರಿದುಕೊಳ್ಳುತ್ತಿದ್ದೆವು. ಯಾರೂ ಗೊಣಗುತ್ತಿರಲಿಲ್ಲ.

ಅವಳು ಕೆಲಸಕ್ಕೆ ಸೇರಿದ್ದು ಪಟ್ಟಣದ ಕೊಬ್ಬರಿ ಮಂಡಿಯಲ್ಲಿ. ಕೊಬ್ಬರಿ ಒಡೆದು, ಹೆರೆದು, ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡುವ ಕೆಲಸ. ಸೈಕಲ್ಲಿನ ಚೈನಿಗೂ ಅಲ್ಲಿಂದ ತಂದ ಕೊಬ್ಬರಿ ಎಣ್ಣೆಯನ್ನೇ ಹಾಕುತ್ತಿದ್ದಳು. ನಮ್ಮೂರಿಗೆ ಬರುತ್ತಿದ್ದ ಬಸ್ಸು ಮಂಡಿ ಬಾಗಿಲು ತೆರೆದು ಎಷ್ಟೋ ಹೊತ್ತಾದ ಮೇಲೆ ಬರುವಂಥದ್ದು. ಹಾಗಾಗಿ ಕೆರೆ ಏರಿಯ ಮೇಲೆ ಅಪ್ಪ ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತ ತಂಗಿಗೆ ಸೈಕಲ್ ಕಲಿಸಿದರು. ಕಲಿತಳು, ಚೆನ್ನಾಗಿಯೇ ಕಲಿತಳು. ಆದರೆ ಅದು ಗಂಡಸರ ಎತ್ತರದ ಸೈಕಲ್ಲು, ಅವಳು ಗಿಡ್ಡಿ. ಸೀರೆಯನ್ನು ನಾಟಿಗೆ ಕಟ್ಟುವಂತೆ ಮೇಲೆತ್ತಿ ಸಿಕ್ಕಿಸಿ, ಮೇಲೆ ಅಪ್ಪನ ಹಳೇ ಷರ್ಟು ತೊಟ್ಟು ಸೀಟಿನ ಮೇಲೆ ಕೂತರೆ ಅವಳ ಕಾಲು ಪೆಡಲಿಗೇ ಕಷ್ಟದಲ್ಲಿ ಎಟಕುತ್ತಿತ್ತು, ನೆಲದ ಮಾತಂತೂ ಇಲ್ಲವೇ ಇಲ್ಲ. ಹತ್ತಲು ಒಂದು ಕಲ್ಲು ಬೇಕು, ಇಳಿಯಲು ಒಂದು ಕಲ್ಲು ಬೇಕು. ಮನೆ ಮುಂದೆ ಒಗೆಯುವ ಕಲ್ಲು, ಕೆರೆಯ ಹತ್ತಿರ ತೂಬಿನ ಕಲ್ಲು, ಹೈವೇಯಲ್ಲಿ ಮೈಲಿಗಲ್ಲು, ಮಂಡಿಯಲ್ಲಿ ಮೂಟೆ ಇಳಿಸುವ ಕಟ್ಟೆ. ಇವುಗಳ ನಡುವೆ ಲೋಕ ಮುಳುಗಿದರೂ ನಿಂಗತ್ತೆ ನಿಲ್ಲುವ ಹಾಗಿರಲಿಲ್ಲ.

ದಾರಿಯಲ್ಲಿ ಯಾರಾದರೂ ಮಾತಿಗೆ ಸಿಕ್ಕರೆ ಅವರನ್ನು ನಿಲ್ಲಿಸಿ, ತಾನು ಅವರ ಸುತ್ತ ಸೈಕಲ್ಲಿನಲ್ಲಿ ಸುತ್ತು ಹೊಡೆಯುತ್ತ ಮಾತಾಡುತ್ತಿದ್ದಳು. ಕೇಳುವವರು ಕತ್ತು ತಿರುಗಿಸಿ ತಿರುಗಿಸಿ ಸುಸ್ತಾಗಿ, "ನಿಂತ್ಕಂಡು ಏಳವ್ವಾ ತಾಯಿ, ತಲೆ ಸುತ್ತುತ್ತದೆ" ಎನ್ನುತ್ತಿದ್ದರು. ಕೆರೆ ಏರಿ ಎಲ್ಲರ ದಾರಿ. ಕುರಿ, ಎಮ್ಮೆ, ಎತ್ತಿನಗಾಡಿ, ಹುಲ್ಲು ಹೊತ್ತ ಹೆಂಗಸರು, ಆಗೊಂದು ಈಗೊಂದು ಟ್ರ್ಯಾಕ್ಟರು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆಗೆ ಇಳಿಜಾರು. ಕುರಿ ಮಂದೆ ಎದುರಾದರೆ ಬೆಲ್ಲು ಹೊಡೆಯುತ್ತ, ಕುರಿಗೂ ಕುರಿ ಕಾಯುವವನಿಗೂ ಒಟ್ಟಿಗೇ ಬೈಯುತ್ತ, ಮಂದೆಯ ಮಧ್ಯೆ ಒಂದು ಗೇಣು ಜಾಗ ಹುಡುಕಿ ನುಗ್ಗುತ್ತಿದ್ದಳು. ನಾನು ಹಿಂದೆ ಕ್ಯಾರಿಯರ್ ಮೇಲೆ ಕೂತು, ಸ್ಕೂಲ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಅವಳ ಷರ್ಟನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿರುತ್ತಿದ್ದೆ. ಪಟ್ಟಣದಲ್ಲಿ ನನ್ನ ಸ್ಕೂಲು. ಹೈವೇಯಲ್ಲಿ ಲಾರಿ ಪಕ್ಕದಲ್ಲೇ ಹಾದಾಗ ಅದರ ಗಾಳಿಗೆ ಸೈಕಲ್ಲು ಒಮ್ಮೆ ತೊನೆದು ಸರಿಹೋಗುತ್ತಿತ್ತು, ನಿಂಗತ್ತೆ ಗಟ್ಟಿಯಾಗಿ ನಗುತ್ತಿದ್ದಳು. ಭಯವಾದಾಗಲೇ ಅವಳು ಹಾಗೆ ನಗುತ್ತಿದ್ದುದೆಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಈ ದಾರಿ ಶುರುವಾಗುವುದಕ್ಕೆ ಮೊದಲೇ, ನಮ್ಮ ಕೇರಿಯಿಂದ ಕೆರೆಗೆ ಹೋಗುವ ಬೀದಿಯಲ್ಲಿ, ಪಟೇಲರ ಮನೆಯಿತ್ತು. ಪಟೇಲಿಕೆ ಹೋಗಿ ಯಾವ ಕಾಲವಾಗಿದ್ದರೂ ಊರಿನವರ ಬಾಯಲ್ಲಿ ಅವರು ಪಟೇಲರೇ. ನಮ್ಮ ಕೇರಿಯ ಯಾರೇ ಆಗಲಿ, ಆ ಮನೆಯ ಮುಂದೆ ಸೈಕಲ್ ಇಳಿದು, ಬೇವಿನ ಮರದಿಂದ ಹಿಟ್ಟಿನ ಗಿರಣಿವರೆಗೆ ತಳ್ಳಿಕೊಂಡು ಹೋಗಿ, ಆಮೇಲೆ ಹತ್ತಬೇಕು. ಇದನ್ನು ಯಾರೂ ಹೇಳಿಕೊಡುತ್ತಿರಲಿಲ್ಲ. ಅಪ್ಪ ಇಳಿಯುತ್ತಿದ್ದರು, ಸರ್ಕಾರಿ ನೌಕರಿಯಲ್ಲಿದ್ದ ಪಕ್ಕದ ಮನೆಯವರೂ ಇಳಿಯುತ್ತಿದ್ದರು. ನಿಂಗತ್ತೆ ಇಳಿಯಲಿಲ್ಲ. ಮೊದಮೊದಲು ಅದು ಹಟವೂ ಅಲ್ಲ, ಧೈರ್ಯವೂ ಅಲ್ಲ. ಅಲ್ಲಿ ಕಲ್ಲಿರಲಿಲ್ಲ, ಅಷ್ಟೆ. ಇಳಿಯಲು ಹೋದರೆ ನನ್ನನ್ನೂ ಕೆಡವಿಕೊಂಡು ಬೀಳಬೇಕಿತ್ತು. ಬೆಲ್ಲು ಮಾತ್ರ ಹೊಡೆಯದೆ, ತಲೆ ತಗ್ಗಿಸಿ, ಜೋರಾಗಿ ತುಳಿದು ದಾಟಿಬಿಡುತ್ತಿದ್ದಳು. ದಿನ ಕಳೆದಂತೆ ತಲೆ ತಗ್ಗಿಸುವುದನ್ನು ಬಿಟ್ಟಳು. ಇನ್ನೂ ಸ್ವಲ್ಪ ದಿನಕ್ಕೆ ಅಲ್ಲಿ ಬೆಲ್ಲೂ ಕೇಳಿಸಿತು.

ಪಟೇಲರ ತೆಂಗಿನ ತೋಟವನ್ನೂ ಅದರ ಪಕ್ಕದ ರಾಗಿ ಹೊಲವನ್ನೂ ಅಪ್ಪ ವಾರಕ್ಕೆ, ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ, ಮಾಡುತ್ತಿದ್ದರು. ನಮ್ಮ ವರ್ಷದ ಮುದ್ದೆ ಆ ಹೊಲದ್ದು. ಒಂದು ದಿನ ಅಪ್ಪನಿಗೆ ಕರೆ ಬಂತು. ಅಲ್ಲಿ ನಡೆದದ್ದನ್ನು ಅಪ್ಪ ಮನೆಗೆ ಬಂದು ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. ಪಟೇಲರು ರೇಗಲಿಲ್ಲವಂತೆ. "ಏನ್ಲಾ ಸಿದ್ದ, ನಿನ್ ತಂಗಿ ನಮ್ಮನೆ ಮುಂದೆ ಬಸ್ ಬುಟ್ಟಂಗೆ ಓಯ್ತಳಲ್ಲ. ಈ ಯುಗಾದಿ ಕಳುದ್ ಮ್ಯಾಲೆ ಒಲ ಬ್ಯಾರೆಯೋರ್ಗೆ ಕೊಡ್ಲಾ?" ಎಂದು ಊಟ ಆಯ್ತಾ ಎಂದು ಕೇಳುವ ದನಿಯಲ್ಲೇ ಕೇಳಿದರಂತೆ. ಅಪ್ಪ ದಿಕ್ಕು ತೋಚದೆ, "ಬುದ್ದಿ, ಅವ್ಳಿಗೆ ಕಾಲೆಟುಕಾಕಿಲ್ಲ. ಕಲ್ಲಿದ್ರೆ ಇಳೀತಾಳೆ" ಎಂದುಬಿಟ್ಟರು. ನಿಂಗತ್ತೆ ಅದನ್ನು ಕೇಳಿ ಕೈಯಲ್ಲಿದ್ದ ಮುದ್ದೆ ಕೋಲನ್ನು ಗೋಡೆಗೆ ಬೀಸಿ ಎಸೆದಳು. "ಕಲ್ಲಿದ್ರೆ ಇಳೀತೀನಿ ಅಂತ ನಿನ್ಗೆ ಏಳ್ದೋರ್ಯಾರು?" ಎಂದು ಕೂಗಿದಳು. ಅಜ್ಜಿ ಎದ್ದು ಹೋಗಿ ಕೋಲನ್ನು ತೊಳೆದು ತಂದಿಟ್ಟಳು. ಆಮೇಲೆ ಎಲ್ಲರೂ ಉಂಡೆವು.

ಪಟೇಲರು ಅಪ್ಪನ ಆ ಮಾತನ್ನೇ ಹಿಡಿದುಕೊಂಡರು. ಎರಡು ದಿನದಲ್ಲಿ ಗಾಡಿಯಲ್ಲಿ ಎರಡು ಚಪ್ಪಡಿ ಕಲ್ಲು ತರಿಸಿ, ಒಂದನ್ನು ಬೇವಿನ ಮರದ ಬುಡದಲ್ಲೂ ಇನ್ನೊಂದನ್ನು ಗಿರಣಿಯ ಮುಂದೂ ಹಾಕಿಸಿದರು. ಇಳಿಯುವುದಕ್ಕೊಂದು, ಹತ್ತುವುದಕ್ಕೊಂದು. ಊರೆಲ್ಲ ಅವರ ದೊಡ್ಡತನವನ್ನು ಹೊಗಳಿತು. ಎಂಥ ಧರ್ಮಾತ್ಮರು, ಒಂದು ಹೆಂಗಸಿಗೆ ತೊಂದರೆಯಾಗಬಾರದೆಂದು ಕಲ್ಲು ಹಾಕಿಸಿದರಲ್ಲ ಎಂದು ನಮ್ಮ ಕೇರಿಯವರೂ ಹೇಳಿದರು. ನನಗೀಗ ಸಿಟ್ಟು ಬರುವುದು ಪಟೇಲರ ಮೇಲೆ ಅಷ್ಟಾಗಿ ಅಲ್ಲ, ಆ ಹೊಗಳಿಕೆಯ ಮೇಲೆ.

ಮರುದಿನ ಬೆಳಗ್ಗೆ ಒಗೆಯುವ ಕಲ್ಲಿನ ಮೇಲಿಂದ ಹತ್ತಿ ಹೊರಟೆವು. ಕೇರಿಯ ಬಾಗಿಲುಗಳಲ್ಲೆಲ್ಲ ಜನ. ಅಪ್ಪ ಜಗಲಿಯ ಮೇಲೆ ಕುಡುಗೋಲು ಮಸೆಯುತ್ತ ಕೂತಿದ್ದರು, ನಮ್ಮ ಕಡೆ ನೋಡಲಿಲ್ಲ. ನಿಂಗತ್ತೆ ತುಳಿದಳು. ಬೇವಿನ ಮರ ಹತ್ತಿರವಾದಾಗ ಸೈಕಲ್ಲಿನ ವೇಗ ಹೆಚ್ಚಾಯಿತು. ದಾಟಿಬಿಡುತ್ತಾಳೆ ಎಂದು ನಾನು ಅವಳ ಷರ್ಟನ್ನು ಇನ್ನೂ ಬಿಗಿಯಾಗಿ ಹಿಡಿದೆ. ಆಮೇಲೆ ಬ್ರೇಕು ಕಿರುಗುಟ್ಟಿತು. ಅವಳ ಬಲಗಾಲು ಆ ಕಲ್ಲನ್ನು ಮುಟ್ಟಿತು. ಇಳಿದಳು. "ಇಳ್ಕ ಮಗ" ಎಂದಳು, ಅಷ್ಟೆ. ಪಟೇಲರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ತಲೆ ಎತ್ತಲಿಲ್ಲ. ಅಷ್ಟೆಲ್ಲ ಮಾಡಿದ ಮನುಷ್ಯ ಒಮ್ಮೆ ನೋಡಲೂ ಇಲ್ಲವಲ್ಲ ಎಂಬುದು ನನಗೆ ಇವತ್ತಿಗೂ ನುಂಗಲಾಗದ ಸಂಗತಿ.

ಗಿರಣಿ ಬಂತು, ಎರಡನೆಯ ಕಲ್ಲು ಬಂತು. ಅವಳು ಅದನ್ನು ಮುಟ್ಟಲಿಲ್ಲ. ಸೈಕಲ್ಲು ತಳ್ಳುತ್ತಲೇ ಹೋದಳು, ತೂಬಿನ ಕಲ್ಲು ಬರುವವರೆಗೂ. ಸ್ಕೂಲಿನ ಪ್ರೇಯರ್ ತಪ್ಪುತ್ತದೆಂದು ನಾನು ಗೊಣಗಿದರೆ, "ಅವ್ರ ಒಲ ಕೈ ಬುಟ್ಟೋಗ್ಬಾರ್ದು ಅಂತ ಇಳ್ದಿದೀನಿ. ಅವ್ರ ಕಲ್ ಮ್ಯಾಲೆ ಕಾಲಿಟ್ಟು ಅತ್ತಾಕಿಲ್ಲ" ಎಂದಳು. ಆ ದಿನದಿಂದ ನಮ್ಮನೆ ಬೆಳಗಾಗುವುದು ಬೇಗನೆ ಆಯಿತು. ನಡೆಯುವಷ್ಟು ಹೊತ್ತನ್ನು ನಿದ್ದೆಯಿಂದ ಮುರಿದುಕೊಂಡು ಅವಳು ವರ್ಷಗಟ್ಟಲೆ ಹಾಗೆಯೇ ಹೋಗಿ ಬಂದಳು. ಸಂಜೆಯೂ ಅಷ್ಟೆ, ತೂಬಿನಲ್ಲಿ ಇಳಿದರೆ ಮನೆಯವರೆಗೂ ನಡಿಗೆ. ಸುತ್ತು ಹೊಡೆದು ಮಾತಾಡುವುದು ಮಾತ್ರ ಏರಿಯ ಮೇಲೆ ಮೊದಲಿನಂತೆಯೇ ಇತ್ತು.

ಪಟೇಲರು ಹೋದರು. ಮಕ್ಕಳು ಪಾಲು ಮಾಡಿಕೊಂಡು ಮನೆ ಮಾರಿದರು, ಕೊಂಡವರು ಕೆಡವಿ ಹಾಗೇ ಬಿಟ್ಟರು. ಗಿರಣಿ ಮುಚ್ಚಿತು. ನಮ್ಮ ಹೆಂಚಿನ ಮನೆಯೂ ಹೋಗಿ ತಾರಸಿ ಬಂತು. ಅಜ್ಜಿ ಇಲ್ಲ. ನಿಂಗತ್ತೆ ಕಾಮಾಲೆ ಬಂದು, ಎರಡು ವಾರ ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದು ತೀರಿಕೊಂಡಳು. ಹಾಗೆ ಮಲಗಿಯೇ ಇದ್ದ ಅವಳನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಾನು ಹಾಸನದಲ್ಲಿ ದಿನವೂ ಸೈಕಲ್ಲಿನಲ್ಲೇ ಆಫೀಸಿಗೆ ಹೋಗುತ್ತೇನೆ. ಜೊತೆಯವರು ಸ್ಕೂಟಿ ತಗೊಳ್ಳಿ ಮೇಡಂ ಎಂದು ನಗುತ್ತಾರೆ. ಕೆಂಪು ದೀಪ ಬಿದ್ದಾಗಲೆಲ್ಲ ಯಾರೋ ಬೇಕೆಂದೇ ನನ್ನನ್ನು ಇಳಿಸಿದಂತೆ ಮೈ ಉರಿಯುತ್ತದೆ. ಇದು ಸರಿಯಲ್ಲವೆಂದು ಗೊತ್ತು, ಆದರೂ ಉರಿಯುತ್ತದೆ.

ಆ ವಾಸನೆ ಬಂದ ವಾರದ ಭಾನುವಾರ ತಡೆಯಲಾಗದೆ ಊರಿಗೆ ಹೋದೆ. ಅಪ್ಪ ಈಗ ಒಂದು ಹಳೇ ಮೊಪೆಡ್ ಇಟ್ಟುಕೊಂಡಿದ್ದಾರೆ. ಕೆರೆಯ ಕಡೆ ಹೋಗಿ ಬರೋಣವೆಂದು ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ಬೇವಿನ ಮರ ಇದ್ದ ಜಾಗಕ್ಕೆ ಬರುತ್ತಿದ್ದಂತೆ ಗಾಡಿ ಆಫ್ ಮಾಡಿದರು. ನನ್ನನ್ನೂ ಇಳಿಸಿ, ತಾವೂ ಇಳಿದು, ಮಂಡಿನೋವಿನ ಕಾಲೆಳೆಯುತ್ತ ತಳ್ಳತೊಡಗಿದರು. ಪಕ್ಕದಲ್ಲಿ ಪಾರ್ಥೇನಿಯಂ ಬೆಳೆದ ಖಾಲಿ ಜಾಗ. ಒಂದು ನಾಯಿಯೂ ಇರಲಿಲ್ಲ. ನನಗೆ ಎಲ್ಲಿಲ್ಲದ ಕೋಪ ಬಂತು. ಬೀದಿಯೆಂದೂ ನೋಡದೆ ಕೂಗಿಬಿಟ್ಟೆ. "ಯಾರವ್ರೆ ಅಂತಪ್ಪಾ ಇಲ್ಲಿ? ಇನ್ನೂ ಯಾರಿಗೆ ಎದ್ರುಕೊಂಡು ಇಳೀತಿದೀಯ?"

ಅಪ್ಪ ನಿಲ್ಲಲಿಲ್ಲ. ತಳ್ಳುತ್ತಲೇ, ನನ್ನ ಕಡೆ ತಿರುಗದೆ ಹೇಳಿದರು. "ಪಟೇಲ್ರಿಗಲ್ಲ ಕಣವ್ವ. ನಿಂಗಿ ನನ್ಗೋಸ್ಕರ ಇಲ್ಲಿ ಇಳುದ್ಲು. ನಾ ಎಂಗವ್ವ ಕೂತ್ಕಂಡು ಓಗ್ಲಿ?"

ನಾನು ಹಿಂದಿನಿಂದ ಗಾಡಿಗೆ ಕೈ ಕೊಟ್ಟೆ. ಗಿರಣಿ ದಾಟಿದರೂ ಅಪ್ಪ ಹತ್ತಲಿಲ್ಲ, ಕೆರೆಯವರೆಗೂ ತಳ್ಳಿಕೊಂಡೇ ಹೋದೆವು.