ತಮ್ಮನ ಎಡಗಾಲಿನ ಬೂಟು

ದೆವ್ವ, ಶಕುನ ಇವುಗಳಲ್ಲಿ ನನಗೆ ನಂಬಿಕೆಯಿರಲಿಲ್ಲ. ‘ಮಗ್ಗ ತಾನಾಗೇ ಆಡುತ್ತೆ’ ಎಂದ ಅತ್ತೆಗೆ ಇಲಿಬೋನು ತಂದುಕೊಟ್ಟವನು ನಾನು. ಸೇಲಂನಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಮಾಡುವುದು ನನ್ನ ಕೆಲಸ. ಸದ್ದು ಬಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂಬ ಧೈರ್ಯದಲ್ಲಿ ಬದುಕಿದವನು. ಹೀಗಾಗಿ ಇದನ್ನು ಬರೆಯಲು ನನಗೇ ಸಂಕೋಚ.

ನಮ್ಮದು ನೇಯುವ ಮನೆ. ತಮ್ಮ ಮಾದೇಶ ಮಾತ್ರ ಸೈನ್ಯಕ್ಕೆ ಸೇರಿ ಹಿಮದ ಬೆಟ್ಟಗಳಿಗೆ ಹೋದ. ಅಲ್ಲಿ ಕಾಲಿಗೆ ಉದ್ದ ಹಲಗೆ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟ ಕಲಿತು, ಅದರ ಹುಚ್ಚು ಹಿಡಿಸಿಕೊಂಡು, ಹಳೆಯದೊಂದು ಜೊತೆ ಬೂಟು, ಹಲಗೆ ಸ್ವಂತಕ್ಕೆ ಕೊಂಡ. ಒಮ್ಮೆ ರಜೆಗೆ ಬರುವಾಗ ಅವನ್ನೂ ಹೊತ್ತು ತಂದ. ಪಕ್ಕದ ಏರ್ಕಾಡು ಬೆಟ್ಟದ ಚಳಿಗೇ ಸ್ವೆಟರ್ ಹುಡುಕುವ ನಮ್ಮ ಬೀದಿಯವರು ಬಂದು ಬಂದು ನೋಡಿದರು. ಬೂಟು ಕಲ್ಲಿನ ಹಾಗೆ ಗಟ್ಟಿ. ಹಲಗೆಯ ಮೇಲೆ ಬೈಂಡಿಂಗ್ ಎಂಬ ಸ್ಪ್ರಿಂಗಿನ ಹಿಡಿ. ಅದು ಬೂಟನ್ನು ಹಿಂದೆ ಮುಂದೆ ಕಚ್ಚಿಕೊಳ್ಳುತ್ತದೆ. ಅವ್ವ ನೋಡಿ ಹೆದರಿದಳು.

“ಬಿದ್ರೆ ಅದೇ ಬುಟ್ಬುಡ್ತೈತೆ ಅವ್ವಾ, ಕಾಲಿಗೇನೂ ಆಗಲ್ಲ, ಬಯಪಡಬ್ಯಾಡ,” ಎಂದ ಮಾದೇಶ.

ಮುಂದಿನ ಚಳಿಗಾಲದಲ್ಲಿ, ರಜೆಯ ದಿನ ಇಳಿಜಾರಿನಲ್ಲಿ ಸ್ಕೀ ಮಾಡುತ್ತಿದ್ದಾಗ, ಹಿಮ ಕುಸಿದು ಅವನು ಹೋದ. ದೇಹದ ಜೊತೆ ಬಂದ ಗೆಳೆಯ ಅವನ ಸಾಮಾನನ್ನೂ ತಂದ. ಬಲಗಾಲಿನ ಬೂಟು ಬಿಡಿಯಾಗಿತ್ತು. ಎಡಗಾಲಿನದನ್ನು ಮುರಿದ ಹಲಗೆಯ ಹಿಡಿ ಕಚ್ಚಿಕೊಂಡೇ ಇತ್ತು. ಬೂಟಿನ ಪಟ್ಟಿ ಬಿಚ್ಚಿ ಕಾಲನ್ನು ಹೊರತೆಗೆದರಂತೆ. ಆ ಹಲಗೆಯೇ ಅವನನ್ನು ಹಿಮದಡಿ ಹಿಡಿದಿಟ್ಟಿತೆಂದು ಗೆಳೆಯ ಹೇಳಬಾರದಿತ್ತು, ಹೇಳಿಬಿಟ್ಟ.

ಸತ್ತವರ ದಾರಿಯಲ್ಲಿ ಕಾಲು ಸುಡಬಾರದೆಂದು ಕಾರ್ಯದ ದಿನ ಅವರ ಹೆಸರಿನಲ್ಲಿ ಹೊಸ ಚಪ್ಪಲಿ ದಾನ ಕೊಡುವುದು ನಮ್ಮಲ್ಲಿ ವಾಡಿಕೆ. ಅವ್ವ ಒಪ್ಪಲಿಲ್ಲ.

“ಕಾಲು ಇನ್ನೂ ಸಿಕ್ಕಾಕ್ಕೊಂಡೈತೆ. ಚಪ್ಲಿ ಎಂಗಲಾ ಮೆಟ್ತಾನೆ? ಮೊದ್ಲು ಇದ ಬುಡಿಸು.”

ಎಣ್ಣೆ ಬಿಟ್ಟೆ, ಲಿವರು ಒತ್ತಿದೆ, ಸುತ್ತಿಗೆಯಿಂದ ಬಡಿದೆ. ಲಿವರು ಬಗ್ಗಿತೇ ಹೊರತು ಹಿಡಿ ಸಡಿಲವಾಗಲಿಲ್ಲ. ಕುಯ್ದುಬಿಡುತ್ತೇನೆ ಎಂದೆ. “ಅವನ ಕಾಲೇ ಕುಯ್ದಂಗಲಾ ಅದು,” ಎಂದಳು. ನನಗೂ ಕೈ ಬರಲಿಲ್ಲ. ಹೊರಗೆ ಹೋಗಿ ಅತ್ತುಬಿಟ್ಟೆ.

ಕಾರ್ಯದ ಹಿಂದಿನ ಸಂಜೆ. ದೀಪ ಹಚ್ಚಿಯಾಗಿತ್ತು. ನಾನು ಬಾಗಿಲಲ್ಲಿ ಕೂತಿದ್ದೆ. ಬೂಟು ಆಚೆ ಮೂಲೆಯಲ್ಲಿತ್ತು, ಹತ್ತಿರ ಯಾರೂ ಇರಲಿಲ್ಲ. ಅವ್ವನಿಗೆ ಇದ್ದಕ್ಕಿದ್ದಂತೆ ಮಗ್ಗದ ನೆನಪಾಯಿತು. ಕೆಲಸ ನಿಲ್ಲಿಸಿದರೆ ಉದ್ದಕ್ಕೆ ಎಳೆದ ಹಾಸಿನ ನೂಲನ್ನು ಬಿಗಿದ ಹಗ್ಗ ಸಡಿಲಿಸಬೇಕು, ಇಲ್ಲವಾದರೆ ನೂಲು ಹಾಳಾಗುತ್ತದೆ. ಸುದ್ದಿ ಬಂದ ದಿನ ಹಾಗೆಯೇ ಎದ್ದು ಬಂದಿದ್ದಳು.

“ಅಯ್ಯೋ, ಇದ ಇಂಗೇ ಬಿಗಿದು ಬುಟ್ಟಿದ್ದೀನಲ್ಲ,” ಎನ್ನುತ್ತಾ ಹೋಗಿ ಗಂಟು ಬಿಚ್ಚಿದಳು. ಹಾಸು ಮೆಲ್ಲಗೆ ಇಳಿಬಿತ್ತು. ಅದೇ ಗಳಿಗೆಗೆ ಮೂಲೆಯಲ್ಲಿ ಟಕ್ ಎಂದಿತು.

ನೋಡಿದರೆ ಬೂಟು ಹಿಡಿಯಿಂದ ಹೊರಗೆ, ಮಗ್ಗುಲಾಗಿ ಬಿದ್ದಿತ್ತು. ಅವ್ವ ಹೋಗಿ ಅದರೊಳಗೆ ಕೈಯಿಟ್ಟು, ಸೆರಗಿನಿಂದ ಒರೆಸಿದಳು, ಮಳೆಯಲ್ಲಿ ನೆನೆದು ಬಂದ ಮಗುವಿನ ಕಾಲು ಒರೆಸಿದ ಹಾಗೆ. ಮರುದಿನ ಚಪ್ಪಲಿಯನ್ನು ತಾನೇ ತೆಗೆದುಕೊಟ್ಟಳು.

ಎಣ್ಣೆ ಇಳಿದಿರಬೇಕು ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ದೀಪ ಹಿಡಿದು ಪರೀಕ್ಷಿಸಿದೆ. ಹಿಡಿ ತೆರೆದೇ ಇರಲಿಲ್ಲ. ನಾನು ಬಗ್ಗಿಸಿದ ಲಿವರು ಬಗ್ಗಿದಂತೆಯೇ ಇತ್ತು, ಸ್ಪ್ರಿಂಗು ಬಿಗಿಯಾಗಿಯೇ ಇತ್ತು. ಇಂದಿಗೂ ಹಾಗೆಯೇ ಇದೆ. ಬೂಟು ಹೇಗೆ ಹೊರಬಂತೋ ನನಗೆ ಗೊತ್ತಿಲ್ಲ.

ಅವ್ವನಿಗೆ ಅದರ ಬಗ್ಗೆ ಆಶ್ಚರ್ಯವೇ ಇಲ್ಲ. ಆದರೆ ಈಗಲೂ ಕೆಲವು ಸಂಜೆ ಮಗ್ಗದ ಹಗ್ಗ ಸಡಿಲಿಸಿ, ನಾನು ರಿಪೇರಿ ಬಲ್ಲವನೆಂದು ನನ್ನನ್ನೇ ಕೇಳುತ್ತಾಳೆ: “ಇಲ್ಲಿ ಬುಟ್ಟಿದ್ದು, ಅಲ್ಲಿ ಯಾಕಲಾ ಬುಡ್ಲಿಲ್ಲ?”