ಸಂಜೆಯವರೆಗೆ ಏಳಬಾರದು

ನನ್ನ ಗಂಡನನ್ನು ಹೋಟೆಲಿನಲ್ಲಿ ಎಲ್ಲರೂ ಕರೆಯುವುದು ‘ಚಕ್ರ’ ಎಂದೇ. ಸಪ್ಲೈಯರ್ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಮನುಷ್ಯ. ಒಂದು ಮೇಜಿಗೆ ಕಾಫಿ ಇಡುವಾಗಲೇ ಇನ್ನೊಂದು ಮೇಜಿನ ಕೂಗು ಕಿವಿಗೆ ಬಿದ್ದಿರುತ್ತದೆ. “ಬಂದೆ ಸಾರ್, ಬಂದೆ” ಎನ್ನುತ್ತ ಹೊರಟೇಬಿಡುತ್ತಾರೆ. ಮನೆಗೆ ಬಂದರೂ ಅದೇ ಗೋಳು. ಊಟ ನಿಂತುಕೊಂಡೇ. ಹಲ್ಲುಜ್ಜುತ್ತ ಇಡೀ ಮನೆ ಸುತ್ತುತ್ತಾರೆ. ಮಗಳ ಮದುವೆಯ ದಿನ ಹೆಣ್ಣಿನ ತಂದೆ ಎಲ್ಲಿ ಎಂದು ಎಲ್ಲರೂ ಹುಡುಕುತ್ತಿದ್ದರೆ, ಈ ಪುಣ್ಯಾತ್ಮ ಊಟದ ಮೇಜುಗಳ ನಡುವೆ ನೀರಿನ ಜಗ್ಗು ಹಿಡಿದು ಓಡಾಡುತ್ತಿದ್ದರು! ಅವತ್ತು ನನಗೆ ಮೈಯೆಲ್ಲ ಉರಿದುಹೋಗಿತ್ತು.

ಅಂಥವರು ಒಂದು ದಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ನಿಂತರು. ಅವರು ನಿಂತರು ಎನ್ನುವುದೇ ನನಗೆ ದೊಡ್ಡ ಗಾಬರಿ. ಡಾಕ್ಟರು ಆಂಜಿಯೋಗ್ರಾಮ್ ಮಾಡಲೇಬೇಕು ಎಂದರು.

“ರಕ್ತನಾಳದೊಳಗೆ ಒಂದು ಸಣ್ಣ ಕೊಳವೆ ಹಾಕಿ ಹೃದಯದ ತನಕ ತಗೊಂಡು ಹೋಗ್ತೀವಿ. ಬಣ್ಣ ಬಿಟ್ಟು ನೋಡಿದ್ರೆ ಎಲ್ಲಿ ಅಡ್ಡ ಕಟ್ಟಿದೆ ಅಂತ ಕಾಣುತ್ತೆ.”

“ಏನಾದ್ರೂ ಹೆಚ್ಚುಕಮ್ಮಿ ಆದ್ರೆ?” ಕೇಳಿದ್ದು ನಾನು. ನನ್ನ ಗಂಡ ಆಗಲೇ ಬಾಗಿಲ ಹತ್ತಿರ ಹೋಗಿ ನಿಂತಿದ್ದರು.

“ಆಗೋದೇ ಇಲ್ಲ ಅಂತ ಸುಳ್ಳು ಹೇಳಲ್ಲಮ್ಮ. ತೀರಾ ಅಪರೂಪಕ್ಕೆ ಅಲ್ಲೇ ಹಾರ್ಟ್ ಅಟ್ಯಾಕ್ ಆಗಬಹುದು, ಪಾರ್ಶ್ವವಾಯು ಹೊಡೀಬಹುದು. ಬಣ್ಣದಿಂದ ಕಿಡ್ನಿಗೆ ತೊಂದರೆ ಆಗಬಹುದು, ಅದಕ್ಕೇ ಮೊದಲು ರಕ್ತ ಪರೀಕ್ಷೆ. ಆದ್ರೆ ನೋಡದೆ ಬಿಡೋದು ಇವರಿಗೆ ಇನ್ನೂ ಅಪಾಯ. ಆದಷ್ಟು ಮಣಿಕಟ್ಟಿನಿಂದಲೇ ಹಾಕ್ತೀವಿ, ಬೇಗ ಎದ್ದು ಓಡಾಡಬಹುದು.”

ಓಡಾಡಬಹುದು ಎಂದದ್ದೇ ತಡ, ಇವರ ಮುಖ ಅರಳಿತು. ಆದರೆ ಆದದ್ದೇ ಬೇರೆ. ಕೈಯ ನಾಳ ತೀರಾ ಸಣ್ಣದಿತ್ತಂತೆ, ಕೊಳವೆ ಹೋಗಲಿಲ್ಲ. ತೊಡೆಯ ಸಂದಿಯಿಂದಲೇ ಹಾಕಬೇಕಾಯಿತು.

ಸ್ಟ್ರೆಚರಿನ ಮೇಲೆ ಮಲಗಿಸಿಕೊಂಡು ಬಂದರು. ಒಂದೇ ಕಡೆ ಸ್ವಲ್ಪ ಅಡ್ಡ ಇದೆ, ಮಾತ್ರೆ ಸಾಕು ಎಂದರು ಡಾಕ್ಟರು. ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ನರ್ಸು ನನ್ನನ್ನು ಹತ್ತಿರ ಕರೆದಳು.

“ಎಲ್ಲಾ ಮುಗೀತು ಅಂದ್ಕೋಬೇಡಿ. ಇಲ್ಲಿ ದೊಡ್ಡ ರಕ್ತನಾಳಕ್ಕೆ ಚುಚ್ಚಿದೀವಿ. ಸಂಜೆವರೆಗೂ ಏಳಬಾರದು, ಈ ಕಾಲು ಮಡಿಸಬಾರದು. ಮಡಿಸಿದ್ರೆ ರಕ್ತ ಕಿತ್ಕೊಂಡು ಬರುತ್ತೆ. ಹಾಗೇನಾದ್ರೂ ಆದ್ರೆ ಇಲ್ಲಿ, ಗಾಯಕ್ಕಿಂತ ಚೂರು ಮೇಲೆ, ಗಟ್ಟಿಯಾಗಿ ಒತ್ತಿ ಹಿಡಿದು ನನ್ನ ಕೂಗಿ.”

ಯಾರಿಗೆ ಹೇಳುತ್ತಿದ್ದಾಳೆ ಇವಳು! ಏಳಬಾರದು ಅಂತೆ, ನನ್ನ ಗಂಡ!

ಮಲಗಿದ್ದರು, ನಿಜ. ಆದರೆ ಕಣ್ಣು ಆಡುತ್ತಿತ್ತು, ಬೆರಳು ಆಡುತ್ತಿತ್ತು. “ಗಂಟೆ ಎಷ್ಟಾಯ್ತು?” “ಈಗ ತಾನೇ ಕೇಳಿದ್ರಲ್ಲ!” “ಆ ಫ್ಯಾನು ಓರೆ ತಿರುಗ್ತಾ ಇದೆ ಕಣೇ.” “ತಿರುಗಲಿ ಬಿಡ್ರಿ, ನೀವು ತಿರುಗ್ಬೇಡಿ.” ಅವರ ಚಡಪಡಿಕೆ ನನಗೂ ಅಂಟಿತು. ಕಿಟಕಿಗೆ ಹೋದೆ, ಬಾಗಿಲಿಗೆ ಬಂದೆ, ಮಡಿಸಿಟ್ಟ ಹೊದಿಕೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಬೆನ್ನು ಹಾಕಿ ನಿಂತಿದ್ದೆ. ಪಕ್ಕದ ಹಾಸಿಗೆಯ ಮುದುಕರು ನರಳಿದರು: “ಯಾರಾದ್ರೂ ಒಂಚೂರು ನೀರು ಕೊಡ್ರಪ್ಪಾ...”

“ಬಂದೆ!”

ನಾನು ತಿರುಗುವಷ್ಟರಲ್ಲಿ ಇವರು ಎದ್ದು ಕೂತು ಒಂದು ಪಾದ ನೆಲಕ್ಕೆ ಊರಿಬಿಟ್ಟಿದ್ದರು. ಬಿಳಿ ಹಾಸಿಗೆ ನೋಡನೋಡುತ್ತಿದ್ದಂತೆ ಕೆಂಪಾಯಿತು. ನಾನು ಅವರನ್ನು ಹಿಂದಕ್ಕೆ ದಬ್ಬಿ, ಎರಡೂ ಕೈ ಒಂದರ ಮೇಲೊಂದು ಇಟ್ಟು, ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ. “ಸಿಸ್ಟರ್! ರಕ್ತ!” ಬಿಸಿ ರಕ್ತ ಬೆರಳ ಸಂದಿಯಿಂದ ಬರುತ್ತಲೇ ಇತ್ತು. ಅವರ ಮುಖ ಬಿಳಿಚಿಕೊಂಡಿತು, ಹಣೆಯಲ್ಲಿ ಬೆವರು, ಕಣ್ಣುಗುಡ್ಡೆ ಮೇಲೆ ಹೋಯಿತು. “ನಿಮ್ಮ ಸಪ್ಲೈಗೆ ಬೆಂಕಿ ಬೀಳ! ಕಣ್ಣು ಬಿಡ್ರೀ!” ಎಂದು ಬೈಯುತ್ತ ಅಳುತ್ತ ಒತ್ತಿದೆ. ಇಲ್ಲೇ, ನನ್ನ ಕೈಯಲ್ಲೇ ಹೋಗಿಬಿಡುತ್ತಾರೆ ಅನ್ನಿಸಿತ್ತು.

ನರ್ಸು ಓಡಿಬಂದು ನನ್ನ ಕೈ ಸರಿಸಿ ತಾನು ಒತ್ತಿದಳು. ಡಾಕ್ಟರು ಬಂದರು, ಡ್ರಿಪ್ ಜೋರು ಮಾಡಿದರು. ತುಂಬ ಹೊತ್ತಿನ ಮೇಲೆ ರಕ್ತ ನಿಂತಿತು, ಮುಖಕ್ಕೆ ಕಳೆ ಬಂತು. “ನನಗೆ ನೀರೇ ಬೇಡಪ್ಪಾ” ಎಂದು ಆ ಮುದುಕರು ಗೋಡೆ ಕಡೆ ಹೊರಳಿದರು.

“ನೀವು ಬಿಡದೆ ಒತ್ತಿ ಹಿಡಿದಿದ್ದಕ್ಕೆ ಉಳ್ಕೊಂಡ್ರು,” ಎಂದಳು ನರ್ಸು. “ಇನ್ನು ಮಲಗೋದು ಮೊದಲಿಂದ ಶುರು. ಇನ್ನೊಂದು ಸಲ ಎದ್ರೆ ಆಪರೇಷನ್ನೇ ಗತಿ.”

ಅವಳು ಅತ್ತ ಹೋದದ್ದೇ ನಾನು ಇವರನ್ನು ತರಾಟೆಗೆ ತೆಗೆದುಕೊಂಡೆ. “ಯಾರೋ ನೀರು ಕೇಳಿದ್ರೆ ಪ್ರಾಣ ಕೊಡ್ತೀರಾ? ಅಭ್ಯಾಸಕ್ಕೂ ಒಂದು ಮಿತಿ ಬೇಡ್ವಾ?”

“ಅಭ್ಯಾಸ ಅಲ್ಲ ಕಣೇ. ಏಳಬಾರದು ಅಂತ ನೆನಪಿತ್ತು.”

“ಮತ್ತೆ?”

“ಸುಮ್ನೆ ಮಲಗಿದ್ರೆ ಎದೆ ಬಡ್ಕೊಳ್ಳೋದು ಕೇಳಿಸುತ್ತೆ. ಒಂದಾದ ಮೇಲೆ ಇನ್ನೊಂದು ಬರುತ್ತೋ ಇಲ್ವೋ ಅಂತ ಕಾಯ್ತಾ ಇರ್ಬೇಕು. ನನ್ನ ಕೈಲಾಗಲ್ಲ. ಅಪ್ಪ ಹಾಗೇ ಮಲಗಿದ್ದಲ್ಲೇ ಹೋದ್ರು. ನಾನು ಚಿಕ್ಕೋನು, ಪಕ್ಕದಲ್ಲೇ ಮಲಗಿದ್ದೆ.”

ಇಷ್ಟು ವರ್ಷ ಜೊತೆಯಲ್ಲಿ ಬಾಳಿದ್ದೇವೆ. ಒಂದು ದಿನವೂ ಈ ಮಾತು ಆಡಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಅವರ ಎದೆಯ ಮೇಲೆ ಅಂಗೈ ಇಟ್ಟೆ.

“ಕಾಯೋದು ನನಗೆ ಬಿಡಿ. ನೀವು ನಿದ್ದೆ ಮಾಡಿ.”

“ನಿಂತುಹೋದ್ರೆ?”

“ನಿಂತ್ರೆ ಎಬ್ಬಿಸ್ತೀನಿ. ಮಲ್ಕೊಳ್ಳಿ.”

ಅವರು ಕಣ್ಣು ಮುಚ್ಚಿದರು.